ಬೆಳಕು ಕಡಿಮೆಯಾದಾಗ ಮನಸ್ಸು ಕುಗ್ಗದಿರಲಿ

ನಿಮ್ಮ ಮಗನೋ ಮಗಳೋ ಓದಿಗಾಗಿ ಅಥವಾ ಕೆಲಸಕ್ಕಾಗಿ ಬ್ರಿಟನ್, ಕೆನಡಾದಂತಹ ದೇಶದಲ್ಲಿದ್ದಾರೆಯೇ? ಮದುವೆಯಾದ ತಂಗಿ ಗಂಡನ ಜೊತೆ ಅಲ್ಲಿ ನೆಲೆಸಿದ್ದಾಳೆಯೇ? ಡಿಸೆಂಬರ್ ಬಂತೆಂದರೆ ಅವರ ಫೋನ್ ಕರೆಗಳು ಕಡಿಮೆಯಾಗುವುದನ್ನು, ದನಿ ಸೋತಂತಿರುವುದನ್ನು ನೀವು ಗಮನಿಸಿರಬಹುದು. ಕೇಳಿದರೆ "ಏನೂ ಇಲ್ಲ ಉಮ್ಮಾ, ಸುಸ್ತು ಅಷ್ಟೇ" ಎನ್ನುತ್ತಾರೆ. ನಾವು ಇಲ್ಲಿಂದ "ಸೋಮಾರಿತನ ಬಿಡು", "ಈಮಾನ್ ಗಟ್ಟಿ ಮಾಡಿಕೋ" ಎಂದು ಉಪದೇಶ ಮಾಡುತ್ತೇವೆ. ಆದರೆ ಎಷ್ಟೋ ಸಲ ಅವರಿಗೆ ಕಡಿಮೆಯಾಗಿರುವುದು ಈಮಾನ್ ಅಲ್ಲ, ಬೆಳಕು.

ಹಗಲೇ ಚಿಕ್ಕದು

ಡಿಸೆಂಬರ್ 21ರ ಸುಮಾರಿಗೆ ನಮ್ಮ ಮಂಗಳೂರು, ಬೆಂಗಳೂರುಗಳಲ್ಲಿ ಹಗಲು 11 ಗಂಟೆಗೂ ಹೆಚ್ಚಿರುತ್ತದೆ. ಲಂಡನ್ನಿನಲ್ಲಿ ಅದು 8 ಗಂಟೆಗಿಂತಲೂ ಕಡಿಮೆ. ಬೆಳಿಗ್ಗೆ 8 ದಾಟಿದ ಮೇಲೆ ಸೂರ್ಯೋದಯ, ಸಂಜೆ 4ಕ್ಕೆ ಮೊದಲೇ ಮಗ್ರಿಬ್. ಎಡಿನ್‌ಬರೋದಲ್ಲಿ ಹಗಲು ಸುಮಾರು 7 ಗಂಟೆ ಮಾತ್ರ. ನಾರ್ವೆಯ ಟ್ರೊಮ್ಸೊ ನಗರದಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೂಡುವುದೇ ಇಲ್ಲ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳುವವರು ವಾರಗಟ್ಟಲೆ ಬಿಸಿಲು ಕಾಣದಿರುವುದುಂಟು.

ಕಣ್ಣಿಗೆ ಬೀಳುವ ಮುಂಜಾವದ ಬೆಳಕು ಮೆದುಳಿನ ಒಳಗಡಿಯಾರವನ್ನು ದಿನವೂ ಸರಿಪಡಿಸುತ್ತದೆ. ನಿದ್ರೆ, ಹಸಿವು, ಉತ್ಸಾಹಗಳೆಲ್ಲ ಈ ಗಡಿಯಾರಕ್ಕೆ ಹೊಂದಿಕೊಂಡಿವೆ. ಬೆಳಕು ಸಾಲದಿದ್ದರೆ ಕೆಲವರಲ್ಲಿ ಅದರ ತಾಳ ತಪ್ಪುತ್ತದೆ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ವೈದ್ಯ ನಾರ್ಮನ್ ರೋಸೆಂತಾಲ್ ಅಲ್ಲಿನ ಚಳಿಗಾಲದಲ್ಲಿ ತಮ್ಮಲ್ಲೇ ಈ ಬದಲಾವಣೆಯನ್ನು ಕಂಡರು. 1984ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ಒಂದು ಕಾಯಿಲೆಯೆಂದು ವಿವರಿಸಿದರು. ಇದೇ ಋತುಮಾನದ ಖಿನ್ನತೆ.

ಲಕ್ಷಣಗಳೇನು?

ಎಷ್ಟು ಮಲಗಿದರೂ ತೀರದ ನಿದ್ದೆ, ಮೈಭಾರ, ಸಿಹಿ, ಬ್ರೆಡ್, ಅನ್ನದಂತಹ ಪದಾರ್ಥಗಳ ಮೇಲೆ ವಿಪರೀತ ಆಸೆ, ತೂಕ ಏರಿಕೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜನರಿಂದ ದೂರ ಉಳಿಯುವುದು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಪುಟ್ಟ ಮಕ್ಕಳೊಂದಿಗೆ ದಿನವಿಡೀ ಫ್ಲ್ಯಾಟಿನೊಳಗೇ ಇರುವ ತಾಯಂದಿರ ಬಗ್ಗೆ ವಿಶೇಷ ಗಮನವಿರಲಿ.

ಬೆಳಕನ್ನು ಹುಡುಕಿ ಹೋಗಿ

ದೀಪ ಹಚ್ಚಿದ ಕೋಣೆಯ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್‌ನಷ್ಟಿರುತ್ತದೆ. ಮೋಡ ಕವಿದ ಚಳಿಗಾಲದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರಬಹುದು. ಹಾಗಾಗಿ "ಬಿಸಿಲೇ ಇಲ್ಲವಲ್ಲ" ಎಂದು ಒಳಗೆ ಕೂರಬೇಡಿ. ಲಂಡನ್ನಿನಲ್ಲಿ ಈ ದಿನಗಳಲ್ಲಿ ಫಜ್ರ್ ಸಮಯ ಆರರ ಆಸುಪಾಸಿಗೆ ಆಗುತ್ತದೆ. ನಮಾಝ್ ಮುಗಿಸಿ ಮತ್ತೆ ಕಂಬಳಿ ಹೊದೆಯುವ ಬದಲು ದೀಪಗಳನ್ನೆಲ್ಲ ಹಚ್ಚಿ, ಪರದೆ ಸರಿಸಿ. ಬೆಳಕು ಹರಿದೊಡನೆ ಅರ್ಧ ಗಂಟೆ ನಡೆಯಿರಿ. ಬಸ್ಸಿಗೆ ಹೋಗುವವರು ಒಂದೆರಡು ನಿಲ್ದಾಣದಷ್ಟು ದೂರ ಕಾಲ್ನಡಿಗೆಯಲ್ಲಿ ಸಾಗಬಹುದು. ಝುಹರ್‌ನ ಹೊತ್ತು ದಿನದಲ್ಲೇ ಹೆಚ್ಚು ಬೆಳಕಿರುವ ಸಮಯ. ಊಟದ ಬಿಡುವಿನಲ್ಲಿ ಮಸೀದಿಗೆ ನಡೆದು ಹೋಗಿ ಬಂದರೆ ನಮಾಝೂ ಆಯಿತು, ಬೆಳಕೂ ಸಿಕ್ಕಿತು.

ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಮಾತ್ರ ಉಂಟು ಎಂದು ನಾರ್ವೆಯವರು ಹೇಳುತ್ತಾರೆ. ಒಂದೇ ದಪ್ಪ ಬಟ್ಟೆಗಿಂತ ಒಂದರ ಮೇಲೊಂದು ಎರಡು ಮೂರು ಪದರ ತೊಡುವುದು ಮೇಲು. ವುಝೂವಿನ ನಂತರ ಮುಖ, ಕೈಕಾಲುಗಳನ್ನು, ಮುಖ್ಯವಾಗಿ ಬೆರಳುಗಳ ಸಂದನ್ನು ಚೆನ್ನಾಗಿ ಒರೆಸಿ ಹೊರಡಿ.

ನಡಿಗೆಯಿಂದ ಸಾಲದಿದ್ದರೆ 10,000 ಲಕ್ಸ್ ಬೆಳಕಿನ ವಿಶೇಷ ದೀಪಗಳು ದೊರೆಯುತ್ತವೆ. ಬೆಳಿಗ್ಗೆ ಸುಮಾರು 30 ನಿಮಿಷ ಅದರೆದುರು ಕುಳಿತು ಕುರ್‌ಆನ್ ಓದಬಹುದು, ತಿಂಡಿ ತಿನ್ನಬಹುದು. ದೀಪವನ್ನೇ ದಿಟ್ಟಿಸಬಾರದು. ಕಣ್ಣಿನ ಕಾಯಿಲೆ ಇರುವವರು, ಬೈಪೋಲಾರ್ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ವಿಟಮಿನ್ ಡಿ

ಬ್ರಿಟನ್ನಿನ ಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ. ಶರತ್ಕಾಲ, ಚಳಿಗಾಲಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವ ಬಗ್ಗೆ ಎಲ್ಲರೂ ಯೋಚಿಸಬೇಕೆಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಕಪ್ಪು ಅಥವಾ ಕಂದು ಮೈಬಣ್ಣದವರಿಗೆ, ಮೈತುಂಬ ಬಟ್ಟೆ ಧರಿಸುವವರಿಗೆ ಈ ಸಲಹೆ ವರ್ಷವಿಡೀ ಅನ್ವಯಿಸುತ್ತದೆ. ಅಂದರೆ ನಮ್ಮ ಮಕ್ಕಳಿಗೆ ಇದು ಇನ್ನಷ್ಟು ಮುಖ್ಯ. ಕ್ಯಾಪ್ಸೂಲ್‌ಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು. ಅದಿಲ್ಲದ ಮಾತ್ರೆ, ಹನಿಗಳೂ ಸಿಗುತ್ತವೆ, ಲೇಬಲ್ ಓದಿ ಕೊಳ್ಳಿ. ಇದು ಎಲುಬು, ಸ್ನಾಯುಗಳ ರಕ್ಷಣೆಗೆ. ಬೇಸರದ ಮದ್ದೆಂದು ಭಾವಿಸಿ ಪ್ರಮಾಣ ಮೀರಬೇಡಿ.

ದೀರ್ಘ ರಾತ್ರಿಗೆ ಜನರ ಜೊತೆ

ಸಂಜೆ ಆರರ ಸುಮಾರಿಗೆ ಇಶಾದ ಸಮಯವೂ ಆಗಿಬಿಡುತ್ತದೆ. ಮುಂದಿನ ನಾಲ್ಕೈದು ಗಂಟೆ ಮೊಬೈಲಿನ ಪಾಲಾದರೆ ನಿದ್ದೆಯೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ವಾರಕ್ಕೆರಡು ಸಂಜೆಯಾದರೂ ಮನುಷ್ಯರ ಮುಖ ನೋಡುವಂತಿರಲಿ. ಉಪವಾಸ ಇಲ್ಲಿ ಹತ್ತೇ ಗಂಟೆಯದು. ರಮಝಾನಿನಲ್ಲಿ ತಪ್ಪಿದ ಉಪವಾಸಗಳನ್ನು ರಜಾದಿನಗಳಲ್ಲಿ ತೀರಿಸಿ, ಮೂರ್ನಾಲ್ಕು ಸ್ನೇಹಿತರು ಒಟ್ಟಿಗೆ ಇಫ್ತಾರ್ ಮಾಡಬಹುದು. ಒಬ್ಬರು ಗಂಜಿ ಮಾಡಲಿ, ಇನ್ನೊಬ್ಬರು ಸಮೋಸ ತರಲಿ. ಮಲಗುವ, ಏಳುವ ಹೊತ್ತು ರಜಾದಿನದಲ್ಲೂ ಒಂದೇ ಇರಲಿ.

ಊರಿನಲ್ಲಿರುವ ನೀವೇನು ಮಾಡಬಹುದು?

ನಮಗೆ ಸಂಜೆ 6.30 ಆದಾಗ ಲಂಡನ್ನಿನಲ್ಲಿ ಮಧ್ಯಾಹ್ನ 1 ಗಂಟೆ. ಮಗ್ರಿಬ್ ನಮಾಝ್ ಮುಗಿಸಿ ಕರೆ ಮಾಡಿ. "ಹೊರಗೆ ನಡೆಯುತ್ತಾ ಮಾತನಾಡು" ಎನ್ನಿ. ನಿಮ್ಮ ಕರೆಯ ನೆಪದಲ್ಲಿ ಅವರು ಹದಿನೈದು ನಿಮಿಷ ಬೆಳಕಿನಲ್ಲಿರುತ್ತಾರೆ. ಉಪದೇಶಕ್ಕಿಂತ ಮೊದಲು "ನಿನ್ನೆ ಏನು ಊಟ ಮಾಡಿದೆ? ಯಾರನ್ನು ಭೇಟಿಯಾದೆ?" ಎಂದು ಕೇಳಿ.

ಬೇಸರ ಎರಡು ವಾರ ಕಳೆದರೂ ಹೋಗದಿದ್ದರೆ, ಓದು, ಕೆಲಸ, ಮಕ್ಕಳ ಆರೈಕೆ ಕೈಬಿಟ್ಟುಹೋಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಮಾತಿನ ಚಿಕಿತ್ಸೆ, ಔಷಧಿ ಎರಡೂ ಇವೆ. "ಬದುಕುವುದೇ ಬೇಡ" ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಬ್ರಿಟನ್ನಿನಲ್ಲಿ 111, ಕೆನಡಾದಲ್ಲಿ 988, ನಮ್ಮ ದೇಶದಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆಗಳಿಗೆ ಕರೆ ಮಾಡಬಹುದು. ದುಆ ಮಾಡುವುದರ ಜೊತೆಗೆ ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆಯಲ್ಲ. ಜ್ವರ ಬಂದಾಗ ನಾವು ಮಾಡುವುದೂ ಅದನ್ನೇ ಅಲ್ಲವೇ?

ಡಿಸೆಂಬರ್ 22 ಕಳೆದರೆ ಹಗಲು ದಿನದಿನಕ್ಕೂ ಬೆಳೆಯತೊಡಗುತ್ತದೆ. ಮಾರ್ಚ್ 20ರ ಹೊತ್ತಿಗೆ ಹಗಲು ರಾತ್ರಿ ಸಮವಾಗುತ್ತವೆ. ಅಲ್ಲಿಯವರೆಗೆ ನಮ್ಮವರು ಒಂಟಿಯಾಗದಂತೆ ನೋಡಿಕೊಳ್ಳೋಣ. ಅಲ್ಲಾಹನು ಅವರಿಗೆ ಆರೋಗ್ಯವನ್ನೂ ನೆಮ್ಮದಿಯನ್ನೂ ನೀಡಲಿ.