ಬಡಗಿಯ ಅಂಗಡಿಯಿಂದ ಅಂತ್ಯಕ್ರಿಯಾ ಗೃಹಕ್ಕೆ

ಸತ್ತವರನ್ನು ಮಣ್ಣು ಮಾಡುವುದು ಧರ್ಮಸಭೆ ಕಲಿಸುವ ಏಳು ದೈಹಿಕ ದಯಾಕಾರ್ಯಗಳಲ್ಲಿ ಒಂದು. ಅದೇ ಒಂದು ಮನೆತನದ ಕಸುಬಾದರೆ? ಅಮೆರಿಕದ ಚರಿತ್ರೆ ನೋಡಿ.

ಅಲ್ಲಿ ಹಿಂದೆ ಮನೆಯವರೂ ನೆರೆಯವರೂ ಶವವನ್ನು ತೊಳೆದು, ಮನೆಯಲ್ಲೇ ಇಟ್ಟು ಕಾಯುತ್ತಿದ್ದರು. ಊರ ಬಡಗಿ ಪೆಟ್ಟಿಗೆ ಮಾಡಿಕೊಡುತ್ತಿದ್ದ. 1861-65ರ ಅಂತರ್ಯುದ್ಧದಲ್ಲಿ ದೂರದಲ್ಲಿ ಮಡಿದ ಸೈನಿಕರನ್ನು ಊರಿಗೆ ತರಲು, ದೇಹ ಕೆಡದಂತೆ ಔಷಧಿ ತುಂಬುವ ಪದ್ಧತಿ ಹರಡಿತು. ಮುಂದೆ ಎಷ್ಟೋ ಬಡಗಿಗಳು ಆ ವಿದ್ಯೆಯನ್ನೂ ಕಲಿತರು. ಅವರ ಮಕ್ಕಳು ಅಂತ್ಯಕ್ರಿಯಾ ಗೃಹ ತೆರೆದರು. ಅನೇಕ ಕಡೆ ಕೆಳಗೆ ಶವ, ಮೇಲಂತಸ್ತಿನಲ್ಲಿ ಸಂಸಾರ!

1962ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ವಾಲ್ಟ್ರಿಪ್ ತಮ್ಮ ಮನೆತನದ ಗೃಹದಿಂದಲೇ ಆರಂಭಿಸಿದ ಕಂಪನಿ, ಕ್ರಮೇಣ ಇಂಥ ನೂರಾರು ಗೃಹಗಳನ್ನು ಕೊಂಡಿತು. ಎಷ್ಟೋ ಬಾಗಿಲುಗಳ ಮೇಲೆ ಹಳೆಯ ಮನೆತನದ ಹೆಸರು ಮಾತ್ರ ಉಳಿಯಿತು. 1984ರಿಂದ ಪ್ರತಿ ಸೇವೆಯ ದರವನ್ನೂ ಬಿಡಿಬಿಡಿಯಾಗಿ ಬರೆದುಕೊಡಬೇಕೆಂಬ ನಿಯಮ ಅಲ್ಲಿ ಜಾರಿಗೆ ಬಂತು. ಅಳುವವರು ಚೌಕಾಸಿ ಮಾಡಲಾರರಲ್ಲವೇ?

ಕೂಲಿ ಪಡೆಯುವುದು ಪಾಪವಲ್ಲ. ಅರಿಮತ್ಥಾಯದ ಜೋಸೆಫನೂ ಯೇಸುವಿಗಾಗಿ ನಾರುಬಟ್ಟೆಯನ್ನು ಕೊಂಡೇ ತಂದನು. ಆದರೆ ಕಣ್ಣೀರು ನೋಡಿ ಬೆಲೆ ಏರಿಸುವುದು ಪಾಪ. ನಿಮ್ಮ ನೆರೆಯಲ್ಲಿ ಸಾವಾದಾಗ, ಪೆಟ್ಟಿಗೆ ತರಲು ಹೊರಟವನನ್ನು ಒಬ್ಬನೇ ಕಳುಹಿಸಬೇಡಿ. ಜೊತೆಗೆ ಹೋಗಿ, ದರ ಕೇಳಿ. ಅದೂ ದಯಾಕಾರ್ಯವೇ.