ಆರದ ಚೆಕ್ ಲೈಟ್: ಬಿಡಿಭಾಗಕ್ಕೆ ಮೊದಲು ಪರೀಕ್ಷೆಗೆ ಖರ್ಚು

ಕಾರಿನ ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಹೊತ್ತಿಕೊಂಡು ಆರದೆ ಉಳಿದರೆ, ಎಂಜಿನ್ನಿನ ಅಥವಾ ಹೊಗೆಯ ಯಾವುದೋ ಅಳತೆ ಮಿತಿ ದಾಟಿದೆ ಎಂದು ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿದೆ ಎಂದರ್ಥ. ಕೆಟ್ಟಿರುವ ಸಾಮಾನು ಯಾವುದು ಎಂಬುದನ್ನು ಆ ದೀಪ ಹೇಳುವುದಿಲ್ಲ. ಇಷ್ಟು ತಿಳಿಯದೆಯೇ ಹಳೆಯ ಕಾರಿನವರು ಒಂದರ ಮೇಲೊಂದು ಬಿಡಿಭಾಗ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ.

ದೀಪ ಮಿಣುಕುತ್ತಿದ್ದರೆ ಗಾಡಿ ನಿಲ್ಲಿಸಬೇಕು. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂಬ ಎಚ್ಚರಿಕೆ ಅದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪವಿರುವ ಈ ಕನ್ವರ್ಟರ್ ಒಮ್ಮೆ ಸುಟ್ಟುಹೋದರೆ ಹತ್ತಾರು ಸಾವಿರದ ಮಾತು. ದೀಪ ಒಂದೇ ಸಮ ಉರಿಯುತ್ತಿದ್ದು, ಪಿಕಪ್ ಮತ್ತು ಎವರೇಜ್ ಸರಿಯಿದ್ದರೆ ಅವಸರವಿಲ್ಲ.

ಭಾರತದಲ್ಲಿ ಬಿಎಸ್-4 ಹೊಗೆ ಮಾನದಂಡದ ಕಾರುಗಳಿಗೆ ಈ ಸ್ವಯಂ ತಪಾಸಣೆ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಅಂಥ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲೇ ಕೋಡ್ ಓದಬಹುದು. ಅದಕ್ಕೂ ಹಳೆಯ ಕಾರುಗಳಿಗೆ ಬಹುತೇಕ ಆಯಾ ಕಂಪನಿಯ ಸ್ಕ್ಯಾನರೇ ಬೇಕು. ಸಾಯಗಾಂವದಂಥ ಗಡಿ ಊರಿನವರಿಗೆ ಈ ವಿವರ ಮುಖ್ಯ. ಭಾಲ್ಕಿಗೋ ಗಡಿಯಾಚೆಯ ಉದಗೀರಕ್ಕೋ ಹೋಗಿ ಅಲ್ಲಿನ ಸ್ಕ್ಯಾನರ್ ಕಾರಿಗೆ ಹೊಂದದೆ ಮರಳಿದರೆ ಪೆಟ್ರೋಲಿನ ಜೊತೆ ಒಂದು ದಿನದ ದುಡಿಮೆಯೂ ಹೋಗುತ್ತದೆ. ಮೊದಲೇ ಫೋನ್ ಮಾಡಿ, ಕಾರಿನ ಮಾಡೆಲ್ ಮತ್ತು ವರ್ಷ ಹೇಳಿ ವಿಚಾರಿಸಿಕೊಳ್ಳುವುದು ಲೇಸು.

ಬ್ಯಾಟರಿ ವೈರ್ ಬಿಚ್ಚಿ ದೀಪ ಆರಿಸುವ ರೂಢಿ ಎಲ್ಲೆಡೆ ಇದೆ. ಅದರಿಂದ ದೋಷ ಹೋಗುವುದಿಲ್ಲ, ಅದನ್ನು ಹುಡುಕುವ ದಾರಿ ಮಾತ್ರ ಮುಚ್ಚುತ್ತದೆ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ ಇತ್ತು, ಗಾಡಿ ಯಾವ ವೇಗದಲ್ಲಿತ್ತು ಎಂಬ ದಾಖಲೆ ಕೋಡಿನ ಜೊತೆಗೇ ಇರುತ್ತದೆ. ವೈರ್ ಬಿಚ್ಚಿದರೆ ಅದೆಲ್ಲ ಅಳಿಸಿಹೋಗಬಹುದು. ಕೋಡನ್ನೂ ಈ ವಿವರವನ್ನೂ ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಮುಂದಿನ ಕೆಲಸ.

ಪಿ0171 ಎಂಬ ಕೋಡನ್ನು ನೋಡಬಹುದು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು ಅದರ ಅರ್ಥ. ಈ ಅಂಕಣಕಾರನ ಮನೆಯ ಪೆಟ್ರೋಲ್ ಕಾರಿಗೆ ಇದೇ ಕೋಡ್ ಬಂದಾಗ, ಗ್ಯಾರೇಜೊಂದರಲ್ಲಿ ಕೇಳಿದ ಮಾತು, "ಸೆನ್ಸರ್ ಹೋಗ್ಯಾದ್ರೀ, ಹೊಸಾದು ಹಾಕ್ಬೇಕು." ಆಕ್ಸಿಜನ್ ಸೆನ್ಸರ್ ಎಂದರೆ ಕೆಲವು ಸಾವಿರ ರೂಪಾಯಿ. ಅದನ್ನು ಕೊಳ್ಳುವ ಮೊದಲು ಫ್ಯೂಯಲ್ ಟ್ರಿಮ್ ನೋಡಲಾಯಿತು. ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿ ಅಥವಾ ಕಡಿಮೆ ಮಾಡಿ ಬಿಡುತ್ತಿದೆ ಎಂಬ ಲೆಕ್ಕ ಅದು. ಗಾಡಿ ನಿಂತು ಎಂಜಿನ್ ಓಡುತ್ತಿದ್ದಾಗ ಅದು 20 ದಾಟಿತ್ತು. ಎಕ್ಸಲೇಟರ್ ಒತ್ತಿ 2500 ಆರ್‌ಪಿಎಂಗೆ ಏರಿಸಿದಾಗ ಹೆಚ್ಚುಕಡಿಮೆ ಸರಿಹೋಯಿತು. ಇದು ಗಾಳಿ ಸೋರಿಕೆಯ ಗುರುತು. ಪೆಟ್ರೋಲ್ ಪಂಪೋ ಫಿಲ್ಟರೋ ಸೋತಿದ್ದರೆ ವೇಗ ಹೆಚ್ಚಿದಂತೆ ಅಂಕಿಯೂ ಏರಬೇಕಿತ್ತು. ಬಾನೆಟ್ ತೆಗೆದು ಹುಡುಕಿದಾಗ ಸಿಕ್ಕಿದ್ದು ಎಂಜಿನ್ನಿನ ಹಿಂಬದಿಯಲ್ಲಿ ಬೆರಳು ದಪ್ಪದ ರಬ್ಬರ್ ಪೈಪು, ಅದರ ಮೇಲೆ ಇಲಿಯ ಹಲ್ಲಿನ ಗುರುತು, ನಡುವೆ ಒಂದು ಸೀಳು. ಸೋಯಾ ರಾಶಿಯ ಚೀಲ ಇಟ್ಟಿದ್ದ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲುತ್ತಿತ್ತು. ಪೈಪಿನ ಖರ್ಚು ಸೆನ್ಸರಿನ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ. ಸೋಯಾ, ತೊಗರಿ ಬೆಳೆಯುವ ಈ ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ದೀಪ ಹೊತ್ತಿದರೆ ವೈರು, ಪೈಪುಗಳನ್ನು ಮೊದಲು ಕಣ್ಣಿಂದ ನೋಡಬೇಕು. ಅದಕ್ಕೆ ದುಡ್ಡು ಬೇಡ.

ಇದೇ ಕೋಡಿಗೆ ಎಥೆನಾಲ್ ಪೆಟ್ರೋಲಿನ ನಂಟೂ ಇದೆ. ಎಥೆನಾಲಿನಲ್ಲೇ ಆಮ್ಲಜನಕವಿರುವುದರಿಂದ ಶೇ 20 ಬೆರೆತ ಪೆಟ್ರೋಲಿಗೆ ಬೇಕಾಗುವ ಗಾಳಿ ಕಡಿಮೆ. ಶುದ್ಧ ಪೆಟ್ರೋಲ್ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಇದಕ್ಕೆ ಸುಮಾರು 13.5 ಸಾಕು. ಹಾಗಾಗಿ ಹಳೆಯ ಕಾರಿನ ಟ್ರಿಮ್ ತುಸು ಮೇಲಿರುವುದು ಸಹಜ. ಮೊದಲು ದೀಪ ಹೊತ್ತಿಸದಷ್ಟು ಸಣ್ಣ ಸೋರಿಕೆಯೂ ಈ ಇಂಧನದಲ್ಲಿ ಮಿತಿ ದಾಟಿಸಬಹುದು. ಹಳೆಯ ರಬ್ಬರ್ ಪೈಪುಗಳ ಮೇಲೆ ಹೆಚ್ಚು ನಿಗಾ ಇಡಬೇಕಾದ್ದು ಇದಕ್ಕೇ.

ಮಿಸ್ಸಿಂಗ್ ಕೋಡುಗಳಿಗೆ ಇನ್ನೂ ಸುಲಭದ ಪರೀಕ್ಷೆಯಿದೆ. ಪಿ0302 ಎಂದರೆ ಎರಡನೇ ಸಿಲಿಂಡರ್. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ ನೋಡಿದಾಗ ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೆಯೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಕಡೆ ಹೋಗಬೇಕು. ಸಂಬಂಧವಿಲ್ಲದ ಹಲವು ಕೋಡ್ ಒಟ್ಟಿಗೆ ಬಂದರೆ ಬ್ಯಾಟರಿ ಮತ್ತು ಅರ್ಥಿಂಗ್ ವೈರ್ ನೋಡಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು.

ಪಿ0420 ಬಂದರೆ ಕನ್ವರ್ಟರ್ ಕೆಲಸ ಕುಂದಿದೆ ಎಂದು ತೋರುತ್ತದೆ. ಆಗಲೂ ಸೈಲೆನ್ಸರ್ ಜಾಯಿಂಟಿನ ಸೋರಿಕೆ ಮತ್ತು ಕನ್ವರ್ಟರಿನ ಹಿಂಬದಿಯ ಆಕ್ಸಿಜನ್ ಸೆನ್ಸರ್ ಪರೀಕ್ಷಿಸದೆ ಹಣ ಕೊಡಬಾರದು. ಕನ್ವರ್ಟರೇ ಹೋಗಿದ್ದರೆ ಕಾರಿನ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಜೊತೆಗೆ ಫಿಟ್‌ನೆಸ್ ಪರೀಕ್ಷೆಯೂ ಇದೆ. ಈ ಮೊತ್ತ ಮತ್ತು ದುರಸ್ತಿ ಸೇರಿ ಕಾರಿನ ಮಾರಾಟ ಬೆಲೆಯ ಅರ್ಧ ಮೀರಿದರೆ ಅಂಥ ಕಾರನ್ನು ಮಾರುವುದೇ ಮೇಲು ಎಂಬುದು ಅಂಕಣಕಾರನ ಅಭಿಪ್ರಾಯ.

ಬಿಡಿಭಾಗ ಹಾಕಿಸಿದರೆ ಹಳೆಯದನ್ನು ಕೇಳಿ ಪಡೆಯಬೇಕು, ಪಕ್ಕಾ ಬಿಲ್ ತೆಗೆದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 18 ಮಾತ್ರ, 28 ಹಾಕಿದ್ದರೆ ಪ್ರಶ್ನಿಸಬಹುದು. ಆಮೇಲೆ ಸ್ಕ್ಯಾನರಿನಿಂದ ಕೋಡ್ ಅಳಿಸಿ, ತಣ್ಣಗಿನ ಎಂಜಿನ್ ಶುರು ಮಾಡಿ ಊರೊಳಗೂ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಬೇಕು. ಸ್ಕ್ಯಾನರಿನಲ್ಲಿ ಕಾರಿನ ಎಲ್ಲ ಸ್ವಯಂ ತಪಾಸಣೆಗಳೂ ಪೂರ್ಣ ಎಂದು ಕಂಡು, ಕೋಡ್ ಮರಳದಿದ್ದರೆ ದುರಸ್ತಿ ಮುಗಿದಂತೆ.