ಯಂತ್ರದ ಜಾತಕ

ಊರಿನ ಜಾತ್ರೆಗೆ ಇನ್ನೂ ಒಂದು ತಿಂಗಳಿರುವಾಗಲೇ ಬಡಗಿಯೂ ಕಮ್ಮಾರನೂ ತೇರಿನ ಮನೆಯ ಬಾಗಿಲನ್ನು ತೆರೆದು ಒಳಹೋಗುವುದನ್ನು ನೀವು ಕಂಡಿರಬಹುದು. ಅವರು ಗಾಲಿಗಳನ್ನು ತಟ್ಟಿ ನೋಡುತ್ತಾರೆ. ಅಚ್ಚಿನಲ್ಲಿ ಬಿರುಕುಂಟೇ ಎಂದು ಪರೀಕ್ಷಿಸುತ್ತಾರೆ. ಸವೆದ ಕೀಲನ್ನು ತೆಗೆದು ಹೊಸದನ್ನು ಬಡಿಯುತ್ತಾರೆ. ಹೋದ ವರ್ಷ ತೇರು ಚೆನ್ನಾಗಿಯೇ ಓಡಿತ್ತು. ಆ ಬಳಿಕ ಅದು ನಿಂತಲ್ಲಿಯೇ ನಿಂತಿದೆ. ಆದರೂ ಈ ಪರೀಕ್ಷೆ ಏಕೆ? ಸಾವಿರಾರು ಜನರು ಹಗ್ಗ ಹಿಡಿದು ಎಳೆಯುತ್ತಿರುವಾಗ ಅಚ್ಚು ಮುರಿದರೆ, ಆಗ ಮಾಡಬಹುದಾದುದು ಏನೂ ಉಳಿದಿರುವುದಿಲ್ಲ. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡುವ ಮೊದಲೇ ಎಚ್ಚರಗೊಳ್ಳುವುದು ಮೇಲು. ಯಂತ್ರಪಾಲನೆಯ ಮೂಲತತ್ತ್ವವೇ ಇದು.

ತೇರು ವರ್ಷಕ್ಕೊಮ್ಮೆ ಓಡುತ್ತದೆ. ಆದರೆ ವಿಮಾನವು ದಿನವೂ ಹಲವು ಬಾರಿ ನೆಲವನ್ನು ಬಿಟ್ಟು ಹಾರಬೇಕು. ರಸ್ತೆಯಲ್ಲಿ ಕೆಟ್ಟ ಬಸ್ಸನ್ನು ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಅಂಥ ಬದಿಯೆಂಬುದಿಲ್ಲ. ಆದುದರಿಂದ ವಿಮಾನದ ಮುಖ್ಯ ಭಾಗಗಳನ್ನು ಗೊತ್ತಾದ ಕಾಲಕ್ಕೆ ಕಳಚಿ, ಪೂರ್ತಿಯಾಗಿ ಬಿಚ್ಚಿ, ತೊಳೆದು, ಅಳೆದು, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಿ ಪರೀಕ್ಷಿಸುತ್ತಾರೆ. ಈ ಸಮಗ್ರ ದುರಸ್ತಿಗೆ ಓವರ್‌ಹಾಲ್ ಎಂದು ಹೆಸರು. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಅದು ಅಮೆರಿಕದ ಸೇನಾವಿಮಾನಗಳ ಓವರ್‌ಹಾಲ್ ಕೇಂದ್ರವಾಗಿ ಕೆಲಸ ಮಾಡಿತು. ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಬೆಳೆದುದು ಆ ಬೀಜದಿಂದಲೇ.

ಯಾವ ಭಾಗವನ್ನು ಯಾವಾಗ ಬಿಚ್ಚಬೇಕು? ಇದನ್ನು ಮೂರು ಬಗೆಯ ಲೆಕ್ಕಗಳಿಂದ ನಿರ್ಧರಿಸುತ್ತಾರೆ. ಮೊದಲನೆಯದು ಆ ಭಾಗವು ದುಡಿದ ಗಂಟೆಗಳ ಲೆಕ್ಕ. ಎರಡನೆಯದು ಏರಿ ಇಳಿದ ಸಲಗಳ ಲೆಕ್ಕ. ಮೂರನೆಯದು ಕಳೆದ ದಿನಗಳ ಲೆಕ್ಕ. ರಬ್ಬರಿನಂಥ ವಸ್ತು ಬಳಸದೆ ಇಟ್ಟರೂ ಹಳತಾಗುತ್ತದೆಯಷ್ಟೆ. ಈ ಮೂರರಲ್ಲಿ ಎರಡನೆಯದರ ಮಹತ್ತ್ವವನ್ನು ತೋರಿಸುವ ಘಟನೆಯೊಂದು 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ನಡೆಯಿತು. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವೊಂದರ ಮುಂಭಾಗದ ಮೇಲ್ಛಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು. ದ್ವೀಪದಿಂದ ದ್ವೀಪಕ್ಕೆ ಹಾರುತ್ತಿದ್ದ ಆ ವಿಮಾನದ ಪಯಣಗಳು ಕಿರಿದಾಗಿದ್ದವು. ಆದರೆ ಅವುಗಳ ಸಂಖ್ಯೆ 89,680ನ್ನು ಮುಟ್ಟಿತ್ತು. ಪ್ರತಿಯೊಂದು ಪಯಣದಲ್ಲಿಯೂ ಒಳಗಿನ ಗಾಳಿಯ ಒತ್ತಡದಿಂದ ವಿಮಾನದ ಒಡಲು ಒಮ್ಮೆ ಬಿಗಿದು ಒಮ್ಮೆ ಸಡಿಲುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ತುಂಡಾಗುವಂತೆ ಲೋಹವೂ ಹೀಗೆ ದಣಿಯುತ್ತದೆ. ಈ ಅಪಘಾತದಲ್ಲಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಮಂದಿ ಬದುಕಿ ಬಂದುದು ಪವಾಡವೆಂದೇ ಹೇಳಬೇಕು.

ಮಿತಿಯನ್ನು ತಿಳಿದರೆ ಸಾಲದು. ಅದಕ್ಕೆ ತಕ್ಕ ಸಿದ್ಧತೆಯೂ ಬೇಕು. ಒಂದು ಉದಾಹರಣೆಯನ್ನು ಭಾವಿಸಿಕೊಳ್ಳಿ. ಒಂದು ಪಂಪನ್ನು 6,000 ಗಂಟೆಗಳಿಗೊಮ್ಮೆ ಓವರ್‌ಹಾಲ್ ಮಾಡಬೇಕು. ಅದು ಈಗಾಗಲೇ 5,200 ಗಂಟೆ ದುಡಿದಿದೆ. ವಿಮಾನವು ದಿನಕ್ಕೆ 8 ಗಂಟೆ ಹಾರುತ್ತದೆ. ಹಾಗಾದರೆ ಉಳಿದಿರುವುದು 800 ಗಂಟೆ, ಅಂದರೆ 100 ದಿನ. ಕಾಲ ಸಾಕಷ್ಟಿದೆಯೆಂದು ತೋರಬಹುದು. ಆದರೆ ಅದಕ್ಕೆ ಬೇಕಾದ ಬಿಡಿಭಾಗಗಳನ್ನು ತರಿಸಲು 120 ದಿನಗಳು ಬೇಕಾದರೆ? ನಾವು ಈಗಲೇ 20 ದಿನ ತಡಮಾಡಿದ್ದೇವೆ! ಪಂಪು 5,040 ಗಂಟೆ ಮುಗಿಸಿದ ದಿನವೇ ಬೇಡಿಕೆಯ ಪತ್ರ ಹೋಗಬೇಕಾಗಿತ್ತು. ಯಾವ ಭಾಗದ ಮಿತಿ ಎಂದು ಮುಗಿಯುತ್ತದೆ, ಅಂದು ಬದಲಿ ಭಾಗ ಎಲ್ಲಿರಬೇಕು, ಕೆಲಸಗಾರರು ಎಷ್ಟು ಮಂದಿ ಬೇಕು, ವಿಮಾನ ಎಷ್ಟು ದಿನ ನೆಲದ ಮೇಲಿರಬೇಕು ಎಂಬುದನ್ನೆಲ್ಲ ಮುಂದಾಗಿ ಗುಣಿಸಿ ಇಡುವುದೇ ಓವರ್‌ಹಾಲಿನ ಯೋಜನೆ.

ಇದರೊಡನೆ ಇನ್ನೊಂದು ಕೆಲಸವೂ ಕೂಡಿಕೊಳ್ಳುತ್ತದೆ. ಅದು ಭಾಗಗಳ ಮಾರ್ಪಾಡು. ಓವರ್‌ಹಾಲ್ ಎಂದರೆ ಹಳೆಯದನ್ನು ಮೊದಲಿನ ಸ್ಥಿತಿಗೆ ತರುವುದು. ಮಾರ್ಪಾಡು ಎಂದರೆ ಮೊದಲಿನ ರಚನೆಯಲ್ಲಿಯೇ ಇದ್ದ ದೋಷವನ್ನು ತಿದ್ದುವುದು. ಅನುಭವದಿಂದ ದೋಷವು ಕಂಡುಬಂದಾಗ ತಯಾರಕರು ಸೂಚನೆಯನ್ನು ಹೊರಡಿಸುತ್ತಾರೆ. ಪ್ರಾಣಾಪಾಯದ ಸಂಗತಿಯಾದರೆ ಸರಕಾರದ ವಿಮಾನಯಾನ ಇಲಾಖೆಯು ಅದನ್ನು ಕಡ್ಡಾಯ ಮಾಡುತ್ತದೆ. ಇಂತಿಂಥ ಕ್ರಮಾಂಕದ ಭಾಗಗಳಿಗೆ, ಇಂತಿಷ್ಟು ಕಾಲದೊಳಗೆ, ಇಂಥ ಬದಲಾವಣೆ ಆಗಬೇಕೆಂದು ಅದರಲ್ಲಿ ಬರೆದಿರುತ್ತದೆ. ಪಂಪನ್ನು ಹೇಗೂ ನೂರು ದಿನಗಳಲ್ಲಿ ಬಿಚ್ಚಲಿರುವಾಗ, ಆ ಅವಧಿಯೊಳಗೆ ಬರುವ ಮಾರ್ಪಾಡನ್ನೂ ಅಂದೇ ಮಾಡಿ ಮುಗಿಸುವುದು ಜಾಣತನ. ಹಾಗೆ ಮಾಡದಿದ್ದರೆ ಒಂದೇ ಯಂತ್ರವನ್ನು ಎರಡು ಸಲ ಬಿಚ್ಚಿ ಎರಡು ಸಲ ಜೋಡಿಸಬೇಕಾಗುತ್ತದೆ. ಮಾರ್ಪಾಡಾದ ಭಾಗವೂ ಆಗದ ಭಾಗವೂ ಉಗ್ರಾಣದ ಕಪಾಟಿನಲ್ಲಿ ಅವಳಿಮಕ್ಕಳಂತೆ ಕಾಣುವುದರಿಂದ, ಅವುಗಳನ್ನು ಗುರುತಿಸಲು ಭಾಗದ ಸಂಖ್ಯೆಯನ್ನೇ ಬದಲಿಸುವುದೂ, ಮೇಲೆ ಗುರುತನ್ನು ಕೆತ್ತುವುದೂ ಉಂಟು.

ಹಿಂದೆ ಈ ಲೆಕ್ಕವನ್ನೆಲ್ಲ ದಪ್ಪ ಪುಸ್ತಕಗಳಲ್ಲಿಯೂ ಕಾರ್ಡುಗಳಲ್ಲಿಯೂ ಬರೆದಿಡುತ್ತಿದ್ದರು. ಈಗ ಗಣಕಯಂತ್ರದ ತಂತ್ರಾಂಶವು ಆ ಹೊರೆಯನ್ನು ಹೊತ್ತಿದೆ. ಪ್ರತಿಯೊಂದು ಮುಖ್ಯ ಭಾಗಕ್ಕೂ ಅದರಲ್ಲಿ ಒಂದು ಜಾತಕವಿರುತ್ತದೆ. ಅದು ಹುಟ್ಟಿದುದು ಎಂದು, ಯಾವ ಯಾವ ವಿಮಾನದಲ್ಲಿ ಎಷ್ಟು ದುಡಿಯಿತು, ಎಂದು ಬಿಚ್ಚಲಾಯಿತು, ಯಾವ ಮಾರ್ಪಾಡು ಆಯಿತು, ಯಾವುದು ಉಳಿದಿದೆ ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಭಾಗವನ್ನು ಒಂದು ವಿಮಾನದಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಜಾತಕವೂ ಅದರ ಬೆನ್ನಹಿಂದೆಯೇ ಹೋಗುತ್ತದೆ. ಮನುಷ್ಯನ ಜಾತಕವನ್ನು ಹುಟ್ಟಿದಾಗ ಒಮ್ಮೆ ಬರೆಯುತ್ತಾರೆ. ಯಂತ್ರದ ಜಾತಕವನ್ನು ದಿನದಿನವೂ ಬರೆಯುತ್ತಿರಬೇಕು. ಇದು ಭವಿಷ್ಯವನ್ನು ನುಡಿಯುವುದು ಗ್ರಹಗತಿಯಿಂದಲ್ಲ, ಗಣಿತದಿಂದ. ಸಾವಿರಾರು ಭಾಗಗಳ ಮಿತಿಗಳನ್ನು ಕ್ಷಣಮಾತ್ರದಲ್ಲಿ ಎಣಿಸಿ, ಮುಂದಿನ ತಿಂಗಳ ಕೆಲಸವೇನೆಂದು ತಂತ್ರಾಂಶವು ಹೇಳಬಲ್ಲದು. ಆದರೆ ಅದಕ್ಕೆ ಕಣ್ಣಿಲ್ಲ. ಕೈಯಿಂದ ಬರೆದುದನ್ನೇ ಅದು ನಂಬುತ್ತದೆ. ಆ ಬರಹವೇ ಸುಳ್ಳಾದರೆ?

ಈ ಪ್ರಶ್ನೆಗೆ ಲೋಕವು ಭಾರಿ ಬೆಲೆ ತೆತ್ತು ಉತ್ತರವನ್ನು ಕಲಿಯಿತು. 1972ರ ಜೂನ್ 12ರಂದು ಅಮೆರಿಕದ ಡೆಟ್ರಾಯಿಟ್‌ನಿಂದ ಮೇಲೇರಿದ ಡಿಸಿ-10 ವಿಮಾನವೊಂದರ ಹಿಂಬದಿಯ ಸರಕು ಕೋಣೆಯ ಬಾಗಿಲು, ವಿಮಾನವು ಕೆನಡದ ವಿಂಡ್ಸರ್ ಪಟ್ಟಣದ ಮೇಲಿದ್ದಾಗ ಕಿತ್ತುಹೋಯಿತು. ಕೆಳಗಿನ ಕೋಣೆಯ ಗಾಳಿ ಒಮ್ಮೆಲೇ ಹೊರನುಗ್ಗಿದುದರಿಂದ ಪ್ರಯಾಣಿಕರ ನೆಲಹಾಸು ಕುಸಿದು, ಅದರಡಿ ಹಾಯ್ದುಹೋಗಿದ್ದ ನಿಯಂತ್ರಣದ ತಂತಿಗಳಿಗೆ ಪೆಟ್ಟಾಯಿತು. ವಿಮಾನಚಾಲಕ ಬ್ರೈಸ್ ಮೆಕಾರ್ಮಿಕ್ ಅಸಾಧಾರಣ ಕೌಶಲದಿಂದ ವಿಮಾನವನ್ನು ಇಳಿಸಿದರು. ಅದರಲ್ಲಿದ್ದ 67 ಮಂದಿಯೂ ಬದುಕಿದರು.

ದೋಷವು ಬೆಳಕಿಗೆ ಬಂದಿತು. ಬಾಗಿಲಿನ ಕೊಂಡಿಗಳು ಪೂರ್ತಿಯಾಗಿ ಕೂಡದಿದ್ದರೂ, ಹೊರಗಿನ ಹಿಡಿಕೆಯನ್ನು ಬಲವಾಗಿ ಒತ್ತಿದರೆ ಒಳಗಿನ ಸಲಾಕೆ ಬಾಗಿ, ಹಿಡಿಕೆ ಮುಚ್ಚಿಕೊಳ್ಳುತ್ತಿತ್ತು. ನೋಡುವವರಿಗೆ ಬಾಗಿಲು ಭದ್ರವಾಗಿದೆಯೆಂದೇ ತೋರುತ್ತಿತ್ತು. ಪರಿಹಾರವೂ ಕಠಿಣವಾಗಿರಲಿಲ್ಲ. ಸಲಾಕೆ ಬಾಗದಂತೆ ಆಧಾರದ ಫಲಕವೊಂದನ್ನು ಹಾಕಬೇಕು; ಅಗುಳಿ ಕೂಡಿದೆಯೇ ಎಂದು ನೋಡಲು ಸಣ್ಣ ಕಿಂಡಿಯೊಂದನ್ನು ಇಡಬೇಕು. ತಯಾರಕರಾದ ಮೆಕ್‌ಡೊನೆಲ್ ಡಗ್ಲಾಸ್ ಸಂಸ್ಥೆಯವರು ಈ ಮಾರ್ಪಾಡುಗಳ ಸೂಚನೆ ಹೊರಡಿಸಿದರು. ಆದರೆ ಆಗ ಅದು ಸೂಚನೆ ಮಾತ್ರವಾಗಿತ್ತು. ಸರಕಾರದ ಕಡ್ಡಾಯದ ಆಜ್ಞೆಯಾಗಿರಲಿಲ್ಲ.

1974ರ ಮಾರ್ಚ್ 3ರಂದು ಟರ್ಕಿಯ ವಿಮಾನಸಂಸ್ಥೆಗೆ ಸೇರಿದ ಇನ್ನೊಂದು ಡಿಸಿ-10 ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟಿತು. ಬಾಗಿಲಿನ ಬಳಿಯ ಎಚ್ಚರಿಕೆಯ ಬರಹ ಇಂಗ್ಲಿಷ್ ಮತ್ತು ತುರ್ಕಿ ಭಾಷೆಗಳಲ್ಲಿತ್ತು. ಬಾಗಿಲು ಮುಚ್ಚಿದ ಕಾರ್ಮಿಕನಿಗೆ ಅವೆರಡನ್ನೂ ಓದಲು ಬರುತ್ತಿರಲಿಲ್ಲ. ಕಿಂಡಿಯೇನೋ ಇತ್ತು, ಅಂದು ಅದರಲ್ಲಿ ಯಾರೂ ಇಣುಕಿ ನೋಡಲಿಲ್ಲ. ಮೇಲೇರಿದ ಕೆಲವೇ ನಿಮಿಷಗಳಲ್ಲಿ ಬಾಗಿಲು ಕಿತ್ತುಹೋಯಿತು. ವಿಮಾನವು ಎರ್ಮೆನೊನ್‌ವಿಲ್ ಎಂಬ ಕಾಡಿನಲ್ಲಿ ಅಪ್ಪಳಿಸಿತು. ಅದರಲ್ಲಿದ್ದ 346 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆ ನಡೆಸಿದವರು ಬಾಗಿಲಿನ ಅವಶೇಷವನ್ನು ಪರೀಕ್ಷಿಸಿದರು. ಆಧಾರದ ಫಲಕ ಅಲ್ಲಿರಲಿಲ್ಲ. ಆದರೆ ಕಾರ್ಖಾನೆಯ ದಾಖಲೆಯನ್ನು ತೆರೆದು ನೋಡಿದಾಗ ಆ ಕೆಲಸ ಮುಗಿದಿದೆಯೆಂದು ಬರೆದಿತ್ತು. ಪರೀಕ್ಷಕರ ಮುದ್ರೆಗಳೂ ಬಿದ್ದಿದ್ದವು! ಮಾರ್ಪಾಡು ಆದುದು ಕಾಗದದಲ್ಲಿ ಮಾತ್ರ. ಮುದ್ರೆ ಬಿದ್ದುದರಿಂದಲೇ ಮತ್ತೆ ಯಾರೂ ಅತ್ತ ನೋಡಲಿಲ್ಲ. ‘ಆಗಿಲ್ಲ’ ಎಂದು ಬರೆದಿದ್ದರೆ ಯಾರಾದರೂ ಅದನ್ನು ಮಾಡಿ ಮುಗಿಸುತ್ತಿದ್ದರು. ಈ ಅಪಘಾತದ ಬಳಿಕ ಬಾಗಿಲಿನ ಮಾರ್ಪಾಡುಗಳನ್ನು ಕಡ್ಡಾಯಗೊಳಿಸಲಾಯಿತು. ಊರೆಲ್ಲ ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಗಾದೆಯ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು.

ಇಂದಿನ ತಂತ್ರಾಂಶಗಳನ್ನು ಇಂಥ ಪಾಠಗಳಿಂದ ಕಲಿತು ರೂಪಿಸಬಹುದು. ಕೆಲಸ ಮಾಡಿದವನೇ ಪರೀಕ್ಷಕನೂ ಆಗಿ ಸಹಿ ಹಾಕದಂತೆ ಅವು ತಡೆಯಬಲ್ಲವು. ‘ಮುಗಿಯಿತು’ ಎಂಬ ಒಂದು ಮಾತಿಗೆ ತೃಪ್ತಿಪಡದೆ, ಹಾಕಿದ ಫಲಕದ ಕ್ರಮಾಂಕವೇನು, ಅಳತೆ ಎಷ್ಟು ಬಂದಿತು ಎಂದು ಕೇಳಬಲ್ಲವು. ಉಗ್ರಾಣದಿಂದ ಫಲಕವೇ ಹೊರಹೋಗದೆ ಅದನ್ನು ಹಾಕಿದ್ದು ಹೇಗೆ ಎಂದು ಪ್ರಶ್ನಿಸಬಲ್ಲವು. ಕಡ್ಡಾಯದ ಕೆಲಸ ಉಳಿದಿದ್ದರೆ ವಿಮಾನವು ಹಾರಲು ಯೋಗ್ಯವಲ್ಲವೆಂದು ಎಚ್ಚರಿಸಬಲ್ಲವು. ಇವೆಲ್ಲ ಒಳ್ಳೆಯ ಕಾವಲುಗಳೇ. ಆದರೆ ಕಾಣದ ಅಳತೆಯನ್ನು ಕಂಡೆನೆಂದು ಬರೆಯುವ ಕೈಯನ್ನು ಯಾವ ಯಂತ್ರವೂ ಪೂರ್ತಿಯಾಗಿ ಹಿಡಿದು ನಿಲ್ಲಿಸಲಾರದು.

ನಾಳೆ ನಿಮ್ಮಲ್ಲಿ ಕೆಲವರು ವಿಮಾನದ ಕಾರ್ಖಾನೆಯಲ್ಲಿಯೋ, ರೈಲ್ವೆಯ ಕಾರ್ಯಾಗಾರದಲ್ಲಿಯೋ, ಬಸ್ಸಿನ ಡಿಪೋದಲ್ಲಿಯೋ, ವಿದ್ಯುತ್ ಕೇಂದ್ರದಲ್ಲಿಯೋ ಕೆಲಸಕ್ಕೆ ಸೇರಬಹುದು. ದಿನದ ಕೊನೆಯಲ್ಲಿ ದಣಿದಿರುವಾಗ ಗಣಕಯಂತ್ರದ ಪರದೆಯು ‘ಕೆಲಸ ಮುಗಿಯಿತೇ?’ ಎಂದು ನಿಮ್ಮನ್ನು ಕೇಳುತ್ತದೆ. ಆ ಪ್ರಶ್ನೆ ಬಹಳ ಚಿಕ್ಕದು. ಆದರೆ ನಿಮ್ಮ ಉತ್ತರವನ್ನು ನಂಬಿ, ನಿಮ್ಮ ಮುಖವನ್ನೇ ಕಾಣದ ನೂರಾರು ಜನರು ನಿಶ್ಚಿಂತೆಯಿಂದ ಕುಳಿತು ಪ್ರಯಾಣ ಮಾಡುತ್ತಾರೆ. ಆಗದ ಕೆಲಸವನ್ನು ಆಗಿಲ್ಲವೆಂದು ಬರೆಯಲು ಧೈರ್ಯ ಬೇಕು. ಆ ಧೈರ್ಯವೂ ಯಂತ್ರಪಾಲನೆಯ ಒಂದು ಉಪಕರಣವೇ ಆಗಿದೆ.

ಅಭ್ಯಾಸ

1. ಓವರ್‌ಹಾಲಿಗೂ ಮಾರ್ಪಾಡಿಗೂ ಇರುವ ವ್ಯತ್ಯಾಸವೇನು?
2. ಹವಾಯಿಯ ವಿಮಾನದ ವಿಷಯದಲ್ಲಿ ಏರಿ ಇಳಿದ ಸಲಗಳ ಲೆಕ್ಕ ಏಕೆ ಮುಖ್ಯವಾಯಿತು?
3. ಒಂದು ಭಾಗದ ಮಿತಿ 4,000 ಗಂಟೆ. ವಿಮಾನವು ದಿನಕ್ಕೆ 10 ಗಂಟೆ ಹಾರುತ್ತದೆ. ಬಿಡಿಭಾಗ ಬರಲು 90 ದಿನ ಬೇಕು. ಎಷ್ಟು ಗಂಟೆ ದುಡಿದಾಗ ಬೇಡಿಕೆಯ ಪತ್ರ ಕಳುಹಿಸಬೇಕು?
4. ‘ಮುದ್ರೆ ಬಿದ್ದುದರಿಂದಲೇ ಮತ್ತೆ ಯಾರೂ ಅತ್ತ ನೋಡಲಿಲ್ಲ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ನಿಮ್ಮ ಊರಿನ ಬಾವಿಯ ಪಂಪು, ತೇರು ಅಥವಾ ಹಿಟ್ಟಿನ ಗಿರಣಿ, ಇವುಗಳಲ್ಲಿ ಒಂದನ್ನು ನೋಡಿಕೊಳ್ಳುವವರನ್ನು ವಿಚಾರಿಸಿ, ಅದಕ್ಕೊಂದು ಜಾತಕವನ್ನು ಬರೆಯಿರಿ.